ಅಡಗಬೇಕಾದ್ದು ಗ್ರಾಹಕರ ಹೆಸರು, ನಿಮ್ಮ ಕಸುಬಲ್ಲ

ಅಮೆರಿಕದಲ್ಲಿ ಬೇರೆಯವರ ಹೆಸರಲ್ಲಿ ಬರೆದುಕೊಡುವುದು ಈಗ ಮುಚ್ಚಿಟ್ಟುಕೊಳ್ಳುವ ಕೆಲಸವಲ್ಲ. 2024ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೀಗೆ ಬರೆದುಕೊಡುವ ಘೋಸ್ಟ್‌ರೈಟರುಗಳದೇ ಸಮ್ಮೇಳನ ನಡೆಯಿತು, ಪ್ರಶಸ್ತಿಗಳನ್ನೂ ಹಂಚಿದರು. ಅದರ ಹಿಂದಿನ ವರ್ಷ ರಾಜಕುಮಾರ ಹ್ಯಾರಿಯ ಆತ್ಮಕಥೆ ಬರೆದುಕೊಟ್ಟ ಜೆ.ಆರ್. ಮೋರಿಂಗರ್ ಆ ಅನುಭವವನ್ನು ತಮ್ಮದೇ ಹೆಸರಲ್ಲಿ 'ನ್ಯೂಯಾರ್ಕರ್' ಪತ್ರಿಕೆಗೆ ಬರೆದರು. ನಾನಿರುವ ನ್ಯೂಜೆರ್ಸಿಯಿಂದ ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಹೆಸರಿನ ಕೆಳಗೇ 'ಘೋಸ್ಟ್‌ರೈಟರ್' ಎಂದು ಹಾಕಿಕೊಂಡವರು ಪುಟಗಟ್ಟಲೆ ಸಿಗುತ್ತಾರೆ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರು ಕಮ್ಮಿಯೇನಿಲ್ಲ. ಸ್ಟಾರ್ಟಪ್ ಮಾಲೀಕರ ಪೋಸ್ಟು, ಶಾಸಕರ ಭಾಷಣ, ಡಾಕ್ಟರ ಅಂಕಣ, ಉದ್ಯಮಿಗಳ ಅಭಿನಂದನ ಗ್ರಂಥ, ಎಲ್ಲವನ್ನೂ ಯಾರೋ ಬರೆದುಕೊಡುತ್ತಿದ್ದಾರೆ. ಆದರೆ ಅವರ ಪ್ರೊಫೈಲ್ ನೋಡಿದರೆ 'ಕಂಟೆಂಟ್ ಸ್ಟ್ರಾಟಜಿಸ್ಟ್', 'ಅಕ್ಷರ ಪ್ರೇಮಿ', 'ಕಾಫಿ ಮತ್ತು ಕಥೆಗಳು'.

ಈ ಸಂಕೋಚ ನಮ್ಮಲ್ಲಿ ಹಳೆಯದಲ್ಲ ಎನ್ನುವುದೇ ತಮಾಷೆ. ರಂಗಭೂಮಿ, ಯಕ್ಷಗಾನ ಕಲಾವಿದರ ಎಷ್ಟೋ ಆತ್ಮಕಥೆಗಳಲ್ಲಿ 'ನಿರೂಪಣೆ' ಎಂದು ಬರೆದುಕೊಂಡವರ ಹೆಸರು ರಾಜಾರೋಷವಾಗಿ ಅಚ್ಚಾಗಿದೆ. ಹೇಳಿದವರಿಗೂ ಮುಜುಗರವಿಲ್ಲ, ಬರೆದವರಿಗೂ ಇಲ್ಲ. ಸಂಕೋಚ ಶುರುವಾದದ್ದು ಕಾರ್ಪೊರೇಟ್ ಗ್ರಾಹಕರು ಬಂದು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಮೇಲೆ. ಒಪ್ಪಂದ ಮುಚ್ಚಿಡು ಎನ್ನುವುದು ಯಾರಿಗೆ ಬರೆದಿರಿ ಎಂಬುದನ್ನು. ಬರೆಯುವ ಕೆಲಸ ಮಾಡುತ್ತೀರಿ ಎಂಬುದನ್ನೇ ನಮ್ಮವರು ಮುಚ್ಚಿಡುತ್ತಿದ್ದಾರೆ. ಅಲ್ಲಿಗೆ ಗಿರಾಕಿ ಹುಡುಕಿಕೊಂಡು ಬರುವ ದಾರಿಯೂ ಮುಚ್ಚಿತು.

ಲಿಂಕ್ಡ್‌ಇನ್ ಹೆಡ್‌ಲೈನಿಗೆ, ಅಂದರೆ ಹೆಸರಿನ ಕೆಳಗಿನ ಸಾಲಿಗೆ, 220 ಅಕ್ಷರಗಳ ಜಾಗ ಕೊಡುತ್ತದೆ. ಆದರೆ ನೀವು ಇನ್ನೊಬ್ಬರ ಪೋಸ್ಟಿಗೆ ಕಾಮೆಂಟ್ ಹಾಕಿದಾಗ ಮೊದಲ ಐದಾರು ಪದ ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕಿಗಳ ಹಿಂದೆ. ಆದ್ದರಿಂದ ಯಾರಿಗೆ, ಏನು ಬರೆದುಕೊಡುತ್ತೀರಿ ಎಂಬುದು ಆ ಐದಾರು ಪದದಲ್ಲೇ ಮುಗಿಯಬೇಕು: 'ವೈದ್ಯರ ಅಂಕಣ, ಪುಸ್ತಕ ಬರೆದುಕೊಡುತ್ತೇನೆ'. ಪ್ರಶಸ್ತಿ, ಪದವಿ, ಹಿಂದಿನ ಕಂಪನಿ ಎಲ್ಲ ಆಮೇಲೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಲೆಕ್ಕವಿದೆ. ಒತ್ತು, ಗುಣಿತ ಒಂದೊಂದೂ ಪ್ರತ್ಯೇಕ ಅಕ್ಷರವಾಗಿ ಎಣಿಕೆಯಾಗುತ್ತದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಕಂಪ್ಯೂಟರಿಗೆ ಆರು. ಹಾಗಾಗಿ 220 ಬೇಗ ತುಂಬುತ್ತದೆ. ನಿಮ್ಮ ಪರಿಚಯ ಬರೆಯುವ 'ಅಬೌಟ್' ಭಾಗದ 2600 ಅಕ್ಷರಕ್ಕೂ, ಪೋಸ್ಟಿನ 3000 ಅಕ್ಷರಕ್ಕೂ ಇದೇ ಕಥೆ. ಹುಡುಕುವವರು ಟೈಪ್ ಮಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅದಕ್ಕೇ ಹೆಡ್‌ಲೈನ್ ಇಂಗ್ಲಿಷಿನಲ್ಲಿರಲಿ, ಅಬೌಟ್‌ನ ಮೊದಲ ಎರಡು ಸಾಲು ಇಂಗ್ಲಿಷ್, ಆಮೇಲೆ ಕನ್ನಡ. ಕನ್ನಡದಲ್ಲೇ ಬರೆಯಬಲ್ಲಿರಿ ಎಂಬುದಕ್ಕೆ ಆ ಕನ್ನಡವೇ ಮಾದರಿ.

ಮುಂದಿನ ಪ್ರಶ್ನೆ ಎಲ್ಲರದ್ದೂ: ಕೆಲಸ ತೋರಿಸುವಂತಿಲ್ಲ, ಮತ್ತೆ ನಂಬುವುದು ಹೇಗೆ? ಇಲ್ಲಿ ಅಮೆರಿಕದವರು ಇದಕ್ಕೆ ಕಂಡುಕೊಂಡ ಉಪಾಯ, ಗ್ರಾಹಕರ ಹೆಸರಿಲ್ಲದ ಅಂಕಿಅಂಶ: 'ಒಬ್ಬ ಸಿಇಓಗೆ ಇಷ್ಟು ಲಕ್ಷ ವ್ಯೂ ತಂದುಕೊಟ್ಟೆ'. ನನಗಿದು ಸುತರಾಂ ಹಿಡಿಸುವುದಿಲ್ಲ. ಪರಿಶೀಲಿಸಲಾಗದ ಲೆಕ್ಕವನ್ನು ಯಾರೂ ಎಷ್ಟು ಬೇಕಾದರೂ ಹೇಳಬಹುದು, ಓದುವವರಿಗೂ ಅದು ಗೊತ್ತು. ಅದಕ್ಕಿಂತ ಹತ್ತು ಪಟ್ಟು ಮೇಲು, ಮಾತು ಬರಹವಾಗುವುದನ್ನು ಕಣ್ಣೆದುರು ತೋರಿಸುವುದು. ಪರಿಚಯದ ಹಿರಿಯರೊಬ್ಬರ ಒಪ್ಪಿಗೆ ಪಡೆದು ಹತ್ತು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ. ಆಡಿದ್ದನ್ನು ಆಡಿದಂತೆಯೇ ಇಳಿಸಿ. ಎಡಕ್ಕೆ ಅದು, ಬಲಕ್ಕೆ ನೀವು ಬರೆದದ್ದು. ಮಾದರಿಗೆಂದು ಕಟ್ಟಿದ ಒಂದು ತುಣುಕು ಹೀಗಿರಬಹುದು.

ಮಾತು: 'ಆಗೇನಾಯ್ತಪ್ಪ ಅಂದ್ರೆ, ಬ್ಯಾಂಕ್‌ನೋರು ಮೊದ್ಲು ಹ್ಞೂಂ ಅಂದಿದ್ರು, ಪೇಪರ್ ಎಲ್ಲ ರೆಡಿ ಇತ್ತು, ಕೊನೇಲಿ ಕೈ ಎತ್ಬಿಟ್ರು. ಮಿಷಿನ್ ಬಂದು ರೈಲ್ವೆ ಗೂಡ್ಸ್‌ನಲ್ಲಿ ನಿಂತಿದೆ. ಏನ್ ಮಾಡೋದು? ಇವ್ಳ್ ಹತ್ರ ಕೇಳಿದೆ. ಮಾತೇ ಆಡ್ಲಿಲ್ಲ, ಬಳೆ ತೆಗೆದು ಕೊಟ್ಲು.'

ಬರಹ: 'ಹ್ಞೂಂ ಅಂದಿದ್ದ ಬ್ಯಾಂಕಿನವರು ಕೊನೆಗೆ ಕೈ ಎತ್ತಿದರು. ಮೆಷಿನ್ ಆಗಲೇ ಬಂದು ಗೂಡ್ಸ್ ಶೆಡ್ಡಿನಲ್ಲಿ ನಿಂತಿತ್ತು. ಹೆಂಡತಿಯನ್ನು ಕೇಳಿದೆ. ಅವಳು ಮಾತಾಡಲಿಲ್ಲ, ಬಳೆ ತೆಗೆದು ಕೊಟ್ಟಳು.'

ಕೆಳಗೆ ಎರಡು ಸಾಲಿನ ಟಿಪ್ಪಣಿ: ಏನು ಬಿಟ್ಟಿರಿ, ಏನು ಮುಟ್ಟಲಿಲ್ಲ, ಯಾಕೆ. 'ಹ್ಞೂಂ', 'ಕೈ ಎತ್ತಿದರು' ಉಳಿದವು, ಅವು ಆ ಮನುಷ್ಯರ ಮಾತಿನ ಗುರುತು. 'ಆರ್ಥಿಕ ಮುಗ್ಗಟ್ಟಿನ ಆ ಸಂಕಷ್ಟದ ದಿನಗಳಲ್ಲಿ ನನ್ನ ಸಹಧರ್ಮಿಣಿಯು' ಎಂದು ಶುರು ಮಾಡಿದ್ದರೆ ಭಾಷೆ ಶುದ್ಧ, ಮನುಷ್ಯ ಮಾಯ. ಇಂಥ ಆರೆಂಟು ಪುಟಗಳ ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಪೋಸ್ಟ್ ಆಗಿ ಹಾಕಿ, ಆಮೇಲೆ ಪ್ರೊಫೈಲಿನಲ್ಲಿ ಆಯ್ದ ಕೆಲಸ ತೋರಿಸುವ 'ಫೀಚರ್ಡ್' ಭಾಗದಲ್ಲಿ ಇಟ್ಟುಬಿಡಿ. ಪುಟ ಉದ್ದುದ್ದ ಇರಲಿ, 1080ಕ್ಕೆ 1350 ಪಿಕ್ಸೆಲ್ ಸರಿಹೋಗುತ್ತದೆ. ಎ4 ಪುಟ ಹಾಗೇ ಹಾಕಿದರೆ ಫೋನಿನಲ್ಲಿ ಕನ್ನಡದ ಒತ್ತಕ್ಷರ ಓದಲಾಗದು. ಎಐ ಬಂದ ಮೇಲೆ ಈ ಬಗೆಯ ಮಾದರಿಗೆ ಬೆಲೆ ಇನ್ನೂ ಹೆಚ್ಚಿದೆ. ನೀವು ಕೇಳಿಸಿಕೊಂಡು ಬರೆಯುತ್ತೀರಿ ಎಂಬುದು ಇದರಲ್ಲಿ ಕಾಣುತ್ತದೆ.

ಶಿಫಾರಸಿನ ವಿಷಯದಲ್ಲಿ ಎಡವುವವರು ಬಹಳ. ಲಿಂಕ್ಡ್‌ಇನ್‌ನ 'ಸರ್ವಿಸಸ್' ಪುಟದಲ್ಲಿ ಘೋಸ್ಟ್‌ರೈಟಿಂಗ್ ಸೇವೆ ಸೇರಿಸಿ, ಗ್ರಾಹಕರಿಂದ ವಿಮರ್ಶೆ ಕೇಳುವ ಸೌಲಭ್ಯವಿದೆ. ಗ್ರಾಹಕರು ಅಲ್ಲಿ ಒಳ್ಳೆಯ ಮಾತು ಬರೆದ ತಕ್ಷಣ ಅವರ ಪುಸ್ತಕ ಬರೆದವರು ಯಾರೆಂದು ಊರಿಗೆಲ್ಲ ತಿಳಿಯಿತು. ಅವರೇ ಬರೆದದ್ದಲ್ಲವೇ ಎನ್ನಬೇಡಿ, ಎಷ್ಟೋ ಜನಕ್ಕೆ ಇದು ಹೊಳೆಯುವುದೇ ಇಲ್ಲ, ಹೊಳೆದ ಮೇಲೆ ಸಿಟ್ಟು ನಿಮ್ಮ ಮೇಲೆ. ಶಿಫಾರಸನ್ನು ನಿಮ್ಮೊಡನೆ ಕೆಲಸ ಮಾಡಿದ ಸಂಪಾದಕರು, ಪ್ರಕಾಶಕರು, ಪುಟವಿನ್ಯಾಸಕರಿಂದ ಪಡೆಯಿರಿ. ಗಡುವು ಮೀರುವುದಿಲ್ಲ, ತಿದ್ದಿದರೆ ಮುನಿಸಿಕೊಳ್ಳುವುದಿಲ್ಲ, ಸಂಗತಿಗಳನ್ನು ಪರೀಕ್ಷಿಸುತ್ತಾರೆ ಎಂದು ಅವರು ಬರೆದರೆ ಸಾಕು. ಗುಟ್ಟು ಒಡೆಯುವ ಇನ್ನೊಂದು ದಾರಿ ನಿಮ್ಮದೇ ಬೆರಳು. ಗ್ರಾಹಕರ ಪ್ರತಿ ಪೋಸ್ಟಿಗೂ ಮೊದಲ ಲೈಕ್, ಮೊದಲ ಕಾಮೆಂಟ್ ನಿಮ್ಮದೇ ಆದರೆ ಊಹಿಸಲು ಪತ್ತೇದಾರ ಬೇಕಿಲ್ಲ.

ಪಾಸ್‌ವರ್ಡ್ ಕೊಟ್ಟು 'ನೀವೇ ಹಾಕಿಬಿಡಿ' ಎನ್ನುವ ಗ್ರಾಹಕರು ಭಾರತದಲ್ಲೂ ಇದ್ದಾರೆ, ಇಲ್ಲೂ. ಬೇಡವೆನ್ನಿ. ವೈಯಕ್ತಿಕ ಖಾತೆಯನ್ನು ಹಂಚಿಕೊಳ್ಳುವುದು ಲಿಂಕ್ಡ್‌ಇನ್ ನಿಯಮಕ್ಕೇ ವಿರುದ್ಧ. ಒಂದೇ ಖಾತೆ ಬೆಳಿಗ್ಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಅರ್ಧ ಗಂಟೆ ಬಿಟ್ಟು ಜಯನಗರದಲ್ಲಿ ತೆರೆದುಕೊಂಡರೆ ತಡೆ ಬೀಳುವ ಅಪಾಯವೂ ಉಂಟು. ಬರೆದದ್ದನ್ನು ಗೂಗಲ್ ಡಾಕ್‌ನಲ್ಲಿ ಕಳಿಸಿ, ಅವರೇ ಹಾಕಲಿ. ಕಂಪನಿಯ ಪುಟವಾದರೆ ಅಡ್ಮಿನ್ ಅಧಿಕಾರ ಪಡೆಯಬಹುದು, ಅದು ನಿಯಮಬದ್ಧ.

ಅಮೆರಿಕದವರಿಂದ ಕಲಿಯಬಾರದ್ದು ಒಂದಿದೆ: ಪರಿಚಯ ಬೆಳೆಸುವ 'ಕನೆಕ್ಟ್' ಕೋರಿಕೆ ಒಪ್ಪಿಕೊಂಡ ಮರುಕ್ಷಣ ಬಂದು ಬೀಳುವ ನಾಲ್ಕು ಪ್ಯಾರಾದ ಮಾರಾಟದ ಸಂದೇಶ. ಈಗ ಬೆಂಗಳೂರಿನವರೂ ಅದರ ನಕಲು ಹೊಡೆಯುತ್ತಿದ್ದಾರೆ. ಕನೆಕ್ಟ್ ಕೋರಿಕೆಯ ಜತೆ ಉಚಿತ ಖಾತೆಯವರು ಕಳಿಸಬಹುದಾದ ಟಿಪ್ಪಣಿಗಳು ತಿಂಗಳಿಗೆ ಬೆರಳೆಣಿಕೆಯಷ್ಟು, ಉದ್ದ 200 ಅಕ್ಷರ. ಅಷ್ಟರಲ್ಲಿ ಮಾರಾಟ ಬೇಡ. ಅವರು ಬರೆದ ಯಾವುದೋ ಒಂದು ಸಂಗತಿಯನ್ನು ಓದಿದ್ದೀರಿ ಎಂಬ ಗುರುತು ಸಾಕು. ಅದಕ್ಕೂ ಮೊದಲು ನಾಲ್ಕೈದು ವಾರ ಅವರ ಪೋಸ್ಟುಗಳ ಕೆಳಗೆ ಒಂದು ಪ್ರಶ್ನೆ, ಒಂದು ತಿದ್ದುಪಡಿ, ಒಂದು ಹೆಚ್ಚಿನ ಮಾಹಿತಿ ಹೀಗೆ ಮಾತಾಡಿರಬೇಕು. ನಮ್ಮ ಕಡೆ ಪರಿಚಯದವರ ಮೂಲಕ ಹೋಗುವ ಪದ್ಧತಿ ಇದೆಯಲ್ಲ, 'ಇವರು ನಮ್ಮ ಮಾವನ ಪುಸ್ತಕ ಮಾಡಿಕೊಟ್ಟವರು' ಎನ್ನುವುದು, ಅದರ ಮುಂದೆ ಯಾವ ಸಂದೇಶವೂ ನಿಲ್ಲುವುದಿಲ್ಲ. ಇಬ್ಬರಿಗೂ ಗೊತ್ತಿರುವವರು ಯಾರು ಎಂಬುದನ್ನು ಲಿಂಕ್ಡ್‌ಇನ್ ತೋರಿಸುತ್ತದೆ, ಅವರ ಕೈಲಿ ಒಂದು ಮಾತು ಹೇಳಿಸಿ.

ಕನ್ನಡದಲ್ಲಿ ಬರೆದುಕೊಡುವವರು ಬಹುತೇಕ ಕಾಣದೇ ಬಿಟ್ಟಿರುವ ಒಂದು ಗುಂಪು ಹೊರನಾಡಿನಲ್ಲೇ ಇದೆ. ದಾವಣಗೆರೆಯಲ್ಲಿ ಅಂಗಡಿ ನಡೆಸಿದ, ಧಾರವಾಡದಲ್ಲಿ ಪಾಠ ಹೇಳಿದ ಅಪ್ಪ ಲಿಂಕ್ಡ್‌ಇನ್‌ನಲ್ಲಿಲ್ಲ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗಳು, ಮಗ ಇದ್ದಾರೆ. ಅರುವತ್ತರ ಷಷ್ಟ್ಯಬ್ದಿ, ಎಪ್ಪತ್ತರ ಭೀಮರಥ ಶಾಂತಿ, ಎಂಬತ್ತರ ಆಸುಪಾಸಿನ ಸಹಸ್ರಚಂದ್ರ ದರ್ಶನ, ಇವೆಲ್ಲ ತಾರೀಖು ಮೊದಲೇ ಗೊತ್ತಿರುವ ಸಮಾರಂಭಗಳು. ಬಂದವರ ಕೈಗೆ ಕೊಡಲು ನೂರು ನೂರಿಪ್ಪತ್ತು ಪುಟದ ಪುಸ್ತಕ, ಇನ್ನೂರು ಪ್ರತಿ. ಒಂದು ಗಂಟೆಯ ಎಂಟು ಹತ್ತು ಬೈಠಕ್, ಸುಮಾರು 20,000 ಪದ, ಎರಡು ಸಲ ತಿದ್ದುಪಡಿ, ಫೋಟೊ ಹುಡುಕಾಟ, ಅಚ್ಚು ಸೇರಿ ಎಂಟು ತಿಂಗಳಾದರೂ ಬೇಕು. ಅಪ್ಪನನ್ನು ಮಾತಾಡಿಸುವುದು ವಿಡಿಯೊ ಕಾಲ್‌ನಲ್ಲಿ ಕುದುರುವುದಿಲ್ಲ, ಮನೆಗೇ ಹೋಗಬೇಕು. ಬೆಂಗಳೂರು ಬಿಟ್ಟು ಹೊರಗಿರುವ ಬರಹಗಾರರಿಗೆ ಇದೇ ಅನುಕೂಲ.

ಈ ಮಕ್ಕಳನ್ನು ಹುಡುಕುವುದು ಕಷ್ಟವಲ್ಲ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು 'ಅಲುಮ್ನಿ' ಒತ್ತಿದರೆ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ಊರುವಾರು ಸೋಸಬಹುದು. ಸುರತ್ಕಲ್ಲಿನ ಎನ್‌ಐಟಿಕೆ, ಮೈಸೂರಿನ ಎಸ್‌ಜೆಸಿಇ, ದಾವಣಗೆರೆಯ ಬಿಐಇಟಿ, ಈ ಎಂಜಿನಿಯರಿಂಗ್ ಕಾಲೇಜುಗಳ ಪುಟಗಳಲ್ಲಿ ಅಮೆರಿಕ ಎಂದು ಆರಿಸಿ, ಓದು ಮುಗಿಸಿದ ವರ್ಷದಿಂದ ಅವರ ವಯಸ್ಸು ಅಂದಾಜು ಮಾಡಿ. 1990ರ ದಶಕದಲ್ಲಿ ಡಿಗ್ರಿ ಮುಗಿಸಿದವರ ತಂದೆ ತಾಯಿ ಈಗ ಹೆಚ್ಚಾಗಿ ಎಪ್ಪತ್ತು ದಾಟಿರುತ್ತಾರೆ. ಹಾಗೆಂದು ಎಲ್ಲರಿಗೂ ಸಂದೇಶ ಕಳಿಸುವುದಲ್ಲ. ಯಾರು ಓದಬೇಕು ಎಂದು ತಿಳಿದು ಪೋಸ್ಟ್ ಬರೆಯುವುದಕ್ಕೆ ಈ ಪಟ್ಟಿ. ಇಲ್ಲಿನವರು ಊರಿಗೆ ಹೊರಡುವುದು ಜೂನ್–ಜುಲೈ ಮಕ್ಕಳ ರಜೆಗೆ, ಇಲ್ಲವೇ ಡಿಸೆಂಬರಿಗೆ. ಏಪ್ರಿಲಿನಲ್ಲಿ, ಅಕ್ಟೋಬರಿನಲ್ಲಿ ಬರೆದರೆ ಟಿಕೆಟ್ ಬುಕ್ ಮಾಡುವಾಗಲೇ ನೆನಪಾಗುತ್ತೀರಿ. ಪೋಸ್ಟನ್ನು ವಾರದ ದಿನ ಬೆಂಗಳೂರಿನ ಸಂಜೆ ಐದೂವರೆಗೆ ಹೊಂದಿಸಿಟ್ಟರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಎಂಟು, ಚಳಿಗಾಲದಲ್ಲಿ ಏಳು.

ದರದ ಬಗ್ಗೆ ನನ್ನದು ಅದನ್ನು ಬಹಿರಂಗವಾಗಿ ಹಾಕುವ ಇಲ್ಲಿನವರ ಪಕ್ಷ. 'ಡಿಎಂ ಮಾಡಿ', ಖಾಸಗಿ ಸಂದೇಶ ಕಳಿಸಿ ಕೇಳಿ, ಎಂದರೆ ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಮೊತ್ತ ಹಾಕಲು ಮನಸ್ಸಿಲ್ಲದಿದ್ದರೆ ಕೆಲಸದ ಅಳತೆಯನ್ನಾದರೂ ಹಾಕಿ: ಎಷ್ಟು ಭೇಟಿ, ಎಷ್ಟು ಪದ, ಎಷ್ಟು ಸುತ್ತು ತಿದ್ದುಪಡಿ, ಹಣ ಯಾವ ಹಂತದಲ್ಲಿ ಎಷ್ಟು ಪಾಲು. ತಿದ್ದುಪಡಿಯ ಸುತ್ತು ಹೇಳದಿದ್ದರೆ ಮನೆಯವರೆಲ್ಲ ಒಬ್ಬೊಬ್ಬರಾಗಿ ತಿದ್ದುತ್ತಾ ಹೋಗುತ್ತಾರೆ, ಮುಗಿಯುವುದೇ ಇಲ್ಲ. ಸೇವೆಯ ಪಟ್ಟಿಯಲ್ಲಿ ಪಿಎಚ್‌ಡಿ ಪ್ರಬಂಧ, ಅಸೈನ್‌ಮೆಂಟ್ ಮಾತ್ರ ಸೇರಿಸಬೇಡಿ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಹಾಗೆ ಬರೆದುಕೊಡುವುದೂ, ಅದರ ಜಾಹೀರಾತೂ 2022ರ ಕಾನೂನಿನಡಿ ಅಪರಾಧ. ಭಾರತದಲ್ಲೂ ಆ ಒಂದು ಸಾಲು ಕಂಡರೆ ಮರ್ಯಾದಸ್ಥ ಗ್ರಾಹಕರು ಪುಟ ಮುಚ್ಚುತ್ತಾರೆ.

ಕೊನೆಗೆ ಒಪ್ಪಂದ. ಅಮೆರಿಕದ ನಮೂನೆಯನ್ನು ಇಳಿಸಿಕೊಂಡು ಹೆಸರು ಬದಲಿಸಿ ಸಹಿ ಹಾಕುವವರೇ ಹೆಚ್ಚು. ಅದರಲ್ಲಿರುವ 'ವರ್ಕ್ ಮೇಡ್ ಫಾರ್ ಹೈರ್', ಅಂದರೆ ಬರೆಸಿದವರದೇ ಹಕ್ಕು ಎಂಬ ಮಾತು, ಭಾರತದ ಕಾಯ್ದೆಯಲ್ಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೌಕರರಲ್ಲದ ಬರಹಗಾರರೇ ಸಾಮಾನ್ಯವಾಗಿ ಮೊದಲ ಹಕ್ಕುದಾರರು, ಹಕ್ಕನ್ನು ಲಿಖಿತವಾಗಿ ವರ್ಗಾಯಿಸಬೇಕು. ಅವಧಿ ಬರೆಯದಿದ್ದರೆ 19ನೇ ಕಲಮಿನಂತೆ ವರ್ಗಾವಣೆ ಐದೇ ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಪ್ಪನ ಪುಸ್ತಕವನ್ನು ಇಲ್ಲಿ ಅಮೆಜಾನ್‌ನಲ್ಲಿ ಇಡಲು ಹೊರಟ ಮಗಳಿಗೆ ಇದು ತೊಡಕಾಗಬಹುದು. 'ಜಗತ್ತಿನಾದ್ಯಂತ, ಕಾಪಿರೈಟ್ ಇರುವ ಪೂರ್ತಿ ಅವಧಿಗೆ' ಎಂದು ಕರಡಿನಲ್ಲೇ ಸೇರಿಸಿಡಿ, ಸೇರಿಸಿದ್ದೀರಿ ಎಂಬುದನ್ನು ಸರ್ವಿಸಸ್ ಪುಟದಲ್ಲಿ ಒಂದು ಸಾಲಾಗಿ ಹೇಳಿ.