ಬಳೆ, ಸ್ಟ್ರೈಕರ್, ಗೋಲಿ: ಮೊದಲು ಯಾವುದು?
ಇಳಿಜಾರಿನಲ್ಲಿ ಭಾರದ ವಸ್ತುವೇ ಮೊದಲು ಉರುಳಿ ತಲುಪುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ, ಅದು ತಪ್ಪು. ಜಾರದೆ ಉರುಳಿದರೆ ದ್ರವ್ಯರಾಶಿ, ತ್ರಿಜ್ಯ ಎರಡೂ ಲೆಕ್ಕದಿಂದ ಹೊಡೆದುಹೋಗುತ್ತವೆ. ಉಳಿಯುವುದು ತ್ರಿಜ್ಯಕ್ಕೆ ಹೋಲಿಸಿದರೆ ದ್ರವ್ಯರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಅನ್ನೋದು ಮಾತ್ರ. ವೇಗೋತ್ಕರ್ಷ (ವೇಗ ಹೆಚ್ಚುವ ದರ) ಬಳೆಗೆ g sinθದ (g ಗುರುತ್ವ ವೇಗೋತ್ಕರ್ಷ, θ ಇಳಿಜಾರಿನ ಕೋನ) 1/2, ಕೇರಂ ಸ್ಟ್ರೈಕರ್‌ನಂಥ ಬಿಲ್ಲೆಗೆ 2/3, ಗೋಲಿಗೆ 5/7.

1.5 ಮೀಟರ್ ಹಲಗೆಯ ಒಂದು ತುದಿಯನ್ನು 39 ಸೆಂ.ಮೀ. ಎತ್ತಿ (ಸುಮಾರು 15 ಡಿಗ್ರಿ) ಮೂರನ್ನೂ ಒಂದು ಸ್ಕೇಲ್ ಅಡ್ಡ ಹಿಡಿದು ಒಟ್ಟಿಗೆ ಬಿಡಿ. ಗೋಲಿಗೆ ಸುಮಾರು 1.29 ಸೆಕೆಂಡ್, ಬಿಲ್ಲೆಗೆ 1.33, ಬಳೆಗೆ 1.54. ಗೋಲಿ-ಬಿಲ್ಲೆ ನಡುವಿನ 0.04 ಸೆಕೆಂಡ್ ಸ್ಟಾಪ್‌ವಾಚ್ ಒತ್ತುವ ಕೈಗೆ ಸಿಗಲ್ಲ, ಅದಕ್ಕೇ ಒಟ್ಟಿಗೆ ಬಿಡಬೇಕು.

ಹಲಗೆ ತೀರಾ ಕಡಿದಾದರೆ ಬಳೆಯೇ ಮೊದಲು ಜಾರುತ್ತದೆ: ಘರ್ಷಣಾ ಗುಣಾಂಕ (ಮೇಲ್ಮೈಗಳ ನಡುವಿನ ಹಿಡಿತದ ಅಳತೆ) 0.3 ಇದ್ದರೆ ಅದರ ಮಿತಿ ಸುಮಾರು 31 ಡಿಗ್ರಿ. ಆಮೇಲೆ ಈ ಸೂತ್ರ ನಡೆಯಲ್ಲ.