ಸೀಟು ಸಂಖ್ಯೆಯಿಲ್ಲದ ವಿಮಾನ: ಜೊತೆಯಾಗಿ ಹೊರಟವರಿಗೆ ಅನುಕೂಲವೇ, ತೊಂದರೆಯೇ?

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 1971ರ ಜೂನ್‌ನಲ್ಲಿ ಡಲ್ಲಾಸ್, ಹ್ಯೂಸ್ಟನ್ ಮತ್ತು ಸ್ಯಾನ್ ಆಂಟೋನಿಯೊ ನಡುವೆ ಹಾರಾಟ ಆರಂಭಿಸಿತು. ಅದರ ಪ್ರಯಾಣಿಕರಿಗೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಟಿನ ಸಂಖ್ಯೆ ಎಂಬುದೇ ಇರಲಿಲ್ಲ. ಹತ್ತುವುದಕ್ಕೆ ಸರದಿ ಇತ್ತು. ಒಳಗೆ ಹೋದ ಮೇಲೆ ಖಾಲಿ ಇದ್ದಲ್ಲಿ ಕೂರಬಹುದಿತ್ತು. ಈ ಪದ್ಧತಿಯನ್ನು ಕೈಬಿಡುವುದಾಗಿ 2024ರ ಜುಲೈನಲ್ಲಿ ಪ್ರಕಟಿಸಿದ ಸಂಸ್ಥೆ, 2026ರ ಜನವರಿ 27ರಿಂದ ಎಲ್ಲರಿಗೂ ನಿಗದಿತ ಸೀಟು ಕೊಡತೊಡಗಿದೆ. ಮಕ್ಕಳೊಂದಿಗೆ, ವಯಸ್ಸಾದ ತಂದೆತಾಯಿಯೊಂದಿಗೆ ಪ್ರಯಾಣಿಸುವವರಿಗೆ ಹಳೆಯ ಪದ್ಧತಿ ಒಳ್ಳೆಯದಿತ್ತೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಗಂಡ-ಹೆಂಡತಿ, ತಾಯಿ-ಮಗು ಅಕ್ಕಪಕ್ಕ ಕೂರುವುದಕ್ಕೆ ಪ್ರತ್ಯೇಕ ದರ ಕಟ್ಟದ ವ್ಯವಸ್ಥೆ ಅದಾಗಿತ್ತು. ಅದರ ಪರವಾಗಿ ಹೇಳಬೇಕಾದ ಮೊದಲ ಮಾತು ಇದು. ವಿಮಾನ ಹೊರಡುವುದಕ್ಕೆ 24 ಗಂಟೆ ಮೊದಲು ಚೆಕ್-ಇನ್ ತೆರೆದುಕೊಳ್ಳುತ್ತಿತ್ತು. ಆ ನಿಮಿಷಕ್ಕೆ ಮೊಬೈಲ್ ಕೈಯಲ್ಲಿ ಹಿಡಿದು ಸಿದ್ಧವಾಗಿದ್ದವರಿಗೆ ಒಳ್ಳೆಯ ಸರದಿ ಸಿಗುತ್ತಿತ್ತು, ಒಂದೇ ಟಿಕೆಟ್‌ನಲ್ಲಿದ್ದವರಿಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಸಂಖ್ಯೆಗಳೇ ಬರುತ್ತಿದ್ದವು. ಅಲ್ಲಿ ಬೇಕಾಗಿದ್ದುದು ಎಚ್ಚರ. ಜೇಬು ದೊಡ್ಡದಿರಬೇಕೆಂದೇನೂ ಇರಲಿಲ್ಲ.

ಇದನ್ನು ನೂಕುನುಗ್ಗಲು ಎಂದು ಕರೆಯುವವರು 2007ರ ನಂತರದ ಗೇಟನ್ನು ನೋಡಿರಲಾರರು. ಅದಕ್ಕೂ ಮೊದಲು ಎ, ಬಿ, ಸಿ ಎಂಬ ಗುಂಪುಗಳಷ್ಟೇ ಇದ್ದುದರಿಂದ ಜನ ಗಂಟೆಗಟ್ಟಲೆ ಮುಂಚೆಯೇ ಬಂದು ಸಾಲಿನಲ್ಲಿ ನೆಲದ ಮೇಲೆ ಕೂರುತ್ತಿದ್ದರು, ನಿಜ. ಆ ವರ್ಷ ಪ್ರತಿ ಗುಂಪಿನಲ್ಲೂ 1ರಿಂದ 60ರವರೆಗೆ ಸಂಖ್ಯೆ ಕೊಡುವ ಕ್ರಮ ಬಂತು. ಗೇಟಿನ ಬಳಿ ಐದೈದು ಸಂಖ್ಯೆ ಬರೆದ ಕಂಬಗಳು ನಿಂತವು. ‘ನಿಮ್ಮದು ಎಷ್ಟು?’ ಎಂದು ಪಕ್ಕದವರನ್ನು ಕೇಳಿ, ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಸರಿದು ನಿಲ್ಲುತ್ತಿದ್ದ ಆ ಸಾಲಿನಷ್ಟು ಶಾಂತವಾದ ಸಾಲು ವಿಮಾನ ನಿಲ್ದಾಣಗಳಲ್ಲಿ ಅಪರೂಪ. ಆರು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ಕುಟುಂಬಗಳನ್ನು ಎ ಗುಂಪು ಮುಗಿದ ಕೂಡಲೇ, ಬಿ ಗುಂಪಿಗಿಂತ ಮೊದಲು ಹತ್ತಿಸುತ್ತಿದ್ದರು. ಆ ಹೊತ್ತಿಗೆ ಒಳಗೆ ಹೋಗಿರುತ್ತಿದ್ದವರು ಅರವತ್ತು ಮಂದಿಯಷ್ಟೆ, ಜೊತೆಗೆ ಇನ್ನು ಕೆಲವರು. ಅವರಲ್ಲಿ ಹೆಚ್ಚಿನವರು ಬೇಗ ಇಳಿಯುವ ಆಸೆಯಿಂದ ಮುಂದಿನ ಸಾಲುಗಳನ್ನೇ ಹಿಡಿದಿರುತ್ತಿದ್ದರು. ಸಂಕೋಚಪಡದೆ ನೇರವಾಗಿ ವಿಮಾನದ ಹಿಂಭಾಗಕ್ಕೆ ನಡೆದುಹೋದ ಕುಟುಂಬಕ್ಕೆ ಮೂರು ಸೀಟಿನ ಪೂರ್ತಿ ಸಾಲೇ ಸಿಗುವುದು ಮಾಮೂಲಾಗಿತ್ತು.

ಇನ್ನೊಂದು ಗುಣವನ್ನು ಗಮನಿಸಿದವರು ಕಡಿಮೆ. ಯಾವ ಸೀಟೂ ಯಾರ ಸ್ವತ್ತೂ ಆಗಿರದ ಕಾರಣ, ಒಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವುದು ಸುಲಭವಾಗಿತ್ತು. ನಿಗದಿತ ಸೀಟಿನ ವಿಮಾನದಲ್ಲಿ ‘ಸ್ವಲ್ಪ ಆ ಕಡೆ ಕೂರುತ್ತೀರಾ?’ ಎಂದು ಕೇಳುವ ತಾಯಿ, ಕಿಟಕಿ ಪಕ್ಕದ ಸೀಟಿಗೆ ಹೆಚ್ಚುವರಿ ಹಣ ತೆತ್ತವನನ್ನು ಕೇಳುತ್ತಿರುತ್ತಾಳೆ. ಅವನು ಒಪ್ಪಿದರೆ ಅವನಿಗೆ ನಷ್ಟ, ಒಪ್ಪದಿದ್ದರೆ ಇಡೀ ಸಾಲಿನ ಕಣ್ಣಿಗೆ ಕಲ್ಲೆದೆಯವನು. ಅಪರಿಚಿತರಿಬ್ಬರನ್ನು ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸುವುದು ಸೀಟು ಮಾರಾಟದ ಪದ್ಧತಿಯೇ. ಕೊನೆಯ ಗಳಿಗೆಯಲ್ಲಿ ವಿಮಾನವೇ ಬದಲಾದಾಗಲೂ ಹಾಗೆಯೇ: ತಿಂಗಳ ಹಿಂದೆ ಆರಿಸಿಟ್ಟ ಸೀಟುಗಳು ಚೆದುರಿಹೋಗುತ್ತವೆ. ಮುಕ್ತ ಆಸನದಲ್ಲಿ ಚೆದುರುವುದಕ್ಕೆ ಹಂಚಿಕೆಯೇ ಇರಲಿಲ್ಲ.

ಈಗ ಸೌತ್‌ವೆಸ್ಟ್‌ನಲ್ಲಿಯೂ ಅತ್ಯಂತ ಅಗ್ಗದ ಟಿಕೆಟ್ ಕೊಂಡವರಿಗೆ ಸೀಟು ಗೊತ್ತಾಗುವುದು ಚೆಕ್-ಇನ್ ಹೊತ್ತಿಗೆ. ಅಷ್ಟರಲ್ಲಿ ಜೋಡಿ ಸೀಟುಗಳಲ್ಲಿ ಹೆಚ್ಚಿನವು ದುಡ್ಡು ಕೊಟ್ಟವರ ಪಾಲಾಗಿರುತ್ತವೆ. ಮಧ್ಯಮ ವರ್ಗದ ನಾಲ್ವರ ಸಂಸಾರ ಕಳೆದುಕೊಂಡದ್ದು ಎಷ್ಟೆಂಬುದು ಪ್ರತಿ ಪ್ರಯಾಣದಲ್ಲೂ ಅದಕ್ಕೆ ಗೊತ್ತಾಗುತ್ತದೆ.

ವಿರೋಧ

ಸರಳ ಲೆಕ್ಕದಿಂದ ಆರಂಭಿಸೋಣ. ಸೌತ್‌ವೆಸ್ಟ್ ಓಡಿಸುವುದು ಬೋಯಿಂಗ್ 737 ವಿಮಾನಗಳನ್ನು ಮಾತ್ರ. ನಡುದಾರಿಯ ಎರಡೂ ಕಡೆ ಮೂರು ಮೂರು ಸೀಟು. ಅಂದರೆ ವಿಮಾನದ ಮೂರನೇ ಒಂದು ಭಾಗ ಯಾರಿಗೂ ಬೇಡದ ನಡುಸೀಟುಗಳೇ. 175 ಸೀಟಿನ ವಿಮಾನ ತುಂಬಿದ್ದರೆ ಎ ಮತ್ತು ಬಿ ಗುಂಪುಗಳಲ್ಲಿ ನೂರಿಪ್ಪತ್ತು ಮಂದಿ ಹತ್ತಿದ ಮೇಲೆ ಉಳಿಯುವುದು ಐವತ್ತೈದು ಸೀಟು, ಅವುಗಳಲ್ಲಿ ಬಹುತೇಕ ಎಲ್ಲವೂ ಬಿಡಿಬಿಡಿಯಾದ ನಡುಸೀಟು. ಸಿ ಗುಂಪಿನಲ್ಲಿ ಬಂದ ದಂಪತಿ ಜೊತೆಯಾಗಿ ಕೂರುವ ಮಾತು ಅಲ್ಲಿಗೆ ಮುಗಿಯಿತು. ಅವರು ತಡಮಾಡಿದವರೇ ಆಗಿರಬೇಕೆಂದಿಲ್ಲ. ಚೆಕ್-ಇನ್ ತೆರೆಯುವ ನಿಮಿಷದಲ್ಲಿ ಆಸ್ಪತ್ರೆಯಲ್ಲಿ ಪಾಳಿ ಮಾಡುತ್ತಿದ್ದ ನರ್ಸ್, ಹಿಂದಿನ ವಿಮಾನ ರದ್ದಾಗಿ ಇದಕ್ಕೆ ಬಂದು ಸೇರಿದವರು, ಮೊಬೈಲಿನ ಬಳಕೆ ಅಷ್ಟಾಗಿ ತಿಳಿಯದ ಹಿರಿಯರು, ಇವರೆಲ್ಲ ಎಚ್ಚರ ತಪ್ಪಿದವರೇನು?

ಹಣಕ್ಕೆ ಅಲ್ಲಿ ಜಾಗವಿರಲಿಲ್ಲ ಎಂಬ ವಾದವೂ ಬಹಳ ಕಾಲ ನಿಲ್ಲಲಿಲ್ಲ. ಹಣ ಕೊಟ್ಟವರನ್ನು ತಾನಾಗಿಯೇ ಮುಂಚಿತವಾಗಿ ಚೆಕ್-ಇನ್ ಮಾಡಿಬಿಡುವ ಸೇವೆ 2009ರಲ್ಲೇ ಬಂತು. ಎ ಗುಂಪಿನ ಮೊದಲ ಹದಿನೈದು ಸ್ಥಾನಗಳಲ್ಲಿ ಉಳಿದವನ್ನು ಗೇಟಿನಲ್ಲೂ ಮಾರುತ್ತಿದ್ದರು. ಸೀಟಿನ ಬದಲು ಸರದಿ ಮಾರಾಟಕ್ಕೆ ಬಂತು, ಅಷ್ಟೆ. ಹಣ ತೆತ್ತವನಿಗೂ ಸಿಗುತ್ತಿದ್ದುದು ಮುಂದಿನ ಸರದಿಯೇ ಹೊರತು ಅಕ್ಕಪಕ್ಕದ ಎರಡು ಸೀಟಿನ ಖಾತರಿ ಅಲ್ಲ.

ಇದರಿಂದಲೇ ಹುಟ್ಟಿದ್ದು ಸೀಟು ಹಿಡಿದಿಡುವ ಜಗಳ. ಮನೆಯವರಲ್ಲಿ ಒಬ್ಬರು ಮಾತ್ರ ಹಣ ಕೊಟ್ಟು ಮೊದಲು ಹತ್ತಿ, ಪಕ್ಕದ ಸೀಟುಗಳ ಮೇಲೆ ಜಾಕೆಟ್ಟು, ಚೀಲ ಇಟ್ಟುಕೊಂಡು ಬಿ ಗುಂಪಿನ ಕೊನೆಯಲ್ಲಿ ಬರುವ ಮಿಕ್ಕವರಿಗಾಗಿ ಕಾಯುತ್ತಿದ್ದರು. ನಮ್ಮೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವುದಕ್ಕಿಂತ ಇದು ಬೇರೆಯಲ್ಲ. ಸೀಟು ಹಿಡಿದಿಡಬಹುದು ಎಂದಾಗಲೀ ಕೂಡದು ಎಂದಾಗಲೀ ಸಂಸ್ಥೆ ನಿಯಮ ಮಾಡಲಿಲ್ಲ. ತೀರ್ಮಾನವನ್ನು ಕಿರಿದಾದ ನಡುದಾರಿಯಲ್ಲಿ ನಿಂತ ಪ್ರಯಾಣಿಕರಿಗೇ ಬಿಟ್ಟಿತು. ಹಾಗೆ ಬಿಟ್ಟಾಗ ಗೆಲ್ಲುವುದು ಗಟ್ಟಿ ದನಿ, ಸೋಲುವುದು ಸಂಕೋಚದವರು. ಪರಸ್ಪರ ಸೌಜನ್ಯವನ್ನು ಹೊಗಳುವವರು ಈ ಭಾಗವನ್ನು ಮರೆತುಬಿಡುತ್ತಾರೆ.

ಮಕ್ಕಳಿಗೆ ಕೊಟ್ಟ ವಿನಾಯಿತಿಯನ್ನೇ ನೋಡಿ. ಆರು ವರ್ಷದ ಮಗು ಒಳಗೆ, ಏಳು ವರ್ಷದ ಮಗು ಹೊರಗೆ. ಏಳು ವರ್ಷದ ಹುಡುಗಿಯನ್ನು ಅಪರಿಚಿತರಿಬ್ಬರ ನಡುವೆ ಒಂಟಿಯಾಗಿ ಕೂರಿಸಲು ಯಾವ ತಾಯಿ ಒಪ್ಪುತ್ತಾಳೆ? ವೃದ್ಧ ದಂಪತಿಗಳಿಗಂತೂ ಕೇವಲ ವಯಸ್ಸಿನ ಕಾರಣದಿಂದ ಯಾವ ಆದ್ಯತೆಯೂ ಇರಲಿಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ತಾಯಿ, ಇಂಗ್ಲಿಷಿನ ಪ್ರಕಟಣೆಯ ಒಂದು ಪದವೂ ತಿಳಿಯದೆ ಇಪ್ಪತ್ತು ಸಾಲು ಹಿಂದೆ ಕುಳಿತ ಗಂಡನ ಕಡೆಗೆ ತಿರುತಿರುಗಿ ನೋಡುವ ಪ್ರಯಾಣವನ್ನು ಸ್ವಾತಂತ್ರ್ಯ ಎಂದು ಕರೆಯಲಾಗದು.

ಬೆಂಗಳೂರಿನಿಂದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್‌ನಲ್ಲಿಯೂ ಸೀಟು ಸಂಖ್ಯೆ ಇರಲಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಅದರ ಮೊದಲ ವಿಮಾನಗಳು ಎರಡೆರಡು ಸೀಟಿನ ಸಾಲುಗಳಿದ್ದ ಚಿಕ್ಕ ಎಟಿಆರ್‌ಗಳು. ನಡುಸೀಟೇ ಇಲ್ಲದ ಕಡೆ ಜೋಡಿ ಒಡೆಯುವ ಸಂಭವ ಕಡಿಮೆ. ವಿಮಾನ ದೊಡ್ಡದಾಗಿ ತುಂಬಿಯೂ ಹಾರುವ ಕಾಲಕ್ಕೆ ಆ ಪದ್ಧತಿ ಹೊಂದುವುದಿಲ್ಲ. ಯುರೋಪಿನ ಈಸಿಜೆಟ್ 2012ರಲ್ಲಿ, ರಯಾನ್ಏರ್ 2014ರಲ್ಲಿ ಅದನ್ನು ಬಿಟ್ಟುಕೊಟ್ಟವು.

ಎಲ್ಲಕ್ಕಿಂತ ಮುಖ್ಯವಾದುದು ಕಾನೂನಿನ ಮಾತು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ಕನಿಷ್ಠ ಒಬ್ಬ ಪೋಷಕರ ಪಕ್ಕದಲ್ಲೇ ಸೀಟು ಕೊಡಬೇಕೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಸೀಟು ಹಂಚುವುದು ಸಂಸ್ಥೆಯೇ ಆದಾಗ ಮಾತ್ರ ಇಂಥ ಹೊಣೆಯನ್ನು ಅದರ ಮೇಲೆ ಹೊರಿಸಲು, ತಪ್ಪಿದರೆ ಕೇಳಲು ಸಾಧ್ಯ. ಯಾರೂ ಹಂಚದ ಸೀಟಿಗೆ ಯಾರನ್ನು ಕೇಳುವುದು? ನಿಗದಿತ ಸೀಟಿಗೆ ಹಣ ಕೀಳುವುದು ತಪ್ಪೇ, ಅದನ್ನು ಇಲ್ಲಿ ಯಾರೂ ಸಮರ್ಥಿಸುತ್ತಿಲ್ಲ. ಮಕ್ಕಳಿಗೆ ಕೊಟ್ಟ ಈ ರಕ್ಷಣೆಯನ್ನು ಅರವತ್ತೈದು ದಾಟಿದವರಿಗೂ, ಅವರ ಜೊತೆಗಿರುವ ಒಬ್ಬರಿಗೂ ಶುಲ್ಕವಿಲ್ಲದೆ ವಿಸ್ತರಿಸಬೇಕೆಂದು ಈಗ ನಾವು ಒತ್ತಾಯಿಸಬೇಕು.