ಆರ್ಟಿಕಲ್ ಟೈಪ್ ಆರಿಸುವುದು ಸಬ್ಮಿಟ್ ಮಾಡುವ ದಿನದ ಕೆಲಸ ಅಲ್ಲ

ಮಂಗಳೂರಿನಲ್ಲಿ ಎಂಡಿ, ಎಂಎಸ್ ಓದುವ ಪಿಜಿ ಡಾಕ್ಟರುಗಳ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತು ಪುನಃ ಅದೇ ಪ್ರಶ್ನೆ: "ನಾಲ್ಕು ಕೇಸ್ ಉಂಟು, ಒರಿಜಿನಲ್ ಆರ್ಟಿಕಲ್ ಅಂತ ಹಾಕಿದ್ರೆ ಆಗ್ತದಾ?" ಕೆಳಗೆ ಸೀನಿಯರ್ ಒಬ್ಬರ ಉತ್ತರ: "ಹಾಕಿ ನೋಡಿ, ಹೋದ್ರೆ ಹೋಯ್ತು." ಓದಿ ಸಿಟ್ಟು ಬಂತು. ಎಂತ ಹೋದ್ರೆ ಹೋಯ್ತು ಮಾರಾಯ್ರೆ? ಹೋಗುವುದು ಕೇಳಿದವರ ತಿಂಗಳುಗಟ್ಟಲೆ ಕೆಲಸ.

ಆರ್ಟಿಕಲ್ ಟೈಪ್, ಅಂದರೆ ಮೆಡಿಕಲ್ ಜರ್ನಲಿಗೆ ಕಳಿಸುವ ಪೇಪರ್ ಯಾವ ಬಗೆಯದ್ದು ಎನ್ನುವುದು, ಪೋರ್ಟಲಿನ ಡ್ರಾಪ್‌ಡೌನಿನಲ್ಲಿ ಕೊನೆಗೆ ಒತ್ತುವ ಬಟನ್ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ನೀವು ಯಾವ ಪ್ರಶ್ನೆ ಕೇಳಿದಿರಿ, ರೋಗಿಗಳನ್ನು ಹೇಗೆ ಸೇರಿಸಿದಿರಿ ಎನ್ನುವಲ್ಲೇ ಅದು ನಿಶ್ಚಯವಾಗಿರುತ್ತದೆ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ವಾರ್ಡುಗಳಲ್ಲಿ ಕಾಣುವ ಮೆಲಿಯಾಯ್ಡೋಸಿಸ್ಸನ್ನೇ (ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ತೆಗೆದುಕೊಳ್ಳಿ. ಒಬ್ಬ ರೋಗಿಯಲ್ಲಿ ವಿಚಿತ್ರ ಜಾಗದಲ್ಲಿ ಕೀವುಗುಳ್ಳೆ ಕಂಡಿತು, ಅದರಿಂದ ಬೇರೆ ಡಾಕ್ಟರಿಗೆ ಕಲಿಯುವುದು ಉಂಟು: ಅದು ಕೇಸ್ ರಿಪೋರ್ಟ್. ಅದೇ ತರದ ನಾಲ್ಕಾರು ರೋಗಿಗಳಾದರೆ ಕೇಸ್ ಸೀರೀಸ್. ಐದು ವರ್ಷದ ಕಲ್ಚರ್ ಪಾಸಿಟಿವ್ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಖಚಿತವಾದ) ರೋಗಿಗಳನ್ನೆಲ್ಲ ಬಿಡದೆ ತೆಗೆದು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಮತ್ತು ಇಲ್ಲದವರಲ್ಲಿ ಸಾವಿನ ಪ್ರಮಾಣ ಹೋಲಿಸಿದರೆ ಅದು ಕೋಹಾರ್ಟ್ (ಒಂದು ಗುಂಪಿಗೆ ಮುಂದೆ ಏನಾಯಿತು ಎಂದು ನೋಡುವ ಅಧ್ಯಯನ), ಹೋಗಬೇಕಾದ್ದು ಒರಿಜಿನಲ್ ಆರ್ಟಿಕಲ್ ಆಗಿ. ಹೊಸ ರ‍್ಯಾಪಿಡ್ ಟೆಸ್ಟನ್ನು ಕಲ್ಚರಿಗೆ ಹೋಲಿಸಿದರೆ ಅದೂ ಒರಿಜಿನಲ್ಲೇ, ಆದರೆ ಪೇಪರಿನಲ್ಲಿ ಏನೇನು ಇರಬೇಕು ಎನ್ನುವ ಚೆಕ್‌ಲಿಸ್ಟ್ ಬೇರೆ. ರೋಗ ಒಂದೇ, ಟೈಪ್ ಬೇರೆ ಬೇರೆ. ಕೇಸ್ ಸೀರೀಸಿನಲ್ಲಿ ಹೋಲಿಸಲು ಇನ್ನೊಂದು ಗುಂಪು ಇಲ್ಲ, ಹಾಗಾಗಿ ರಿಸ್ಕ್ ಲೆಕ್ಕ ಹಾಕಲು ಬರುವುದಿಲ್ಲ. ನಾಲ್ಕು ಕೇಸಿಗೆ ಪಿ ವ್ಯಾಲ್ಯೂ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವೋ ಎಂದು ನೋಡುವ ಲೆಕ್ಕ) ಹಾಕಿ ಒರಿಜಿನಲ್ ಅಂತ ಕಳಿಸಿದರೆ ಎಡಿಟರು ಮೆಥಡ್ಸ್ ವಿಭಾಗದ ಮೊದಲ ಪ್ಯಾರಾದಲ್ಲೇ ನಿಲ್ಲಿಸುತ್ತಾರೆ.

"ಬಹಳ ಅಪರೂಪ" ಅಂತ ಬರೆದರೆ ಕೇಸ್ ರಿಪೋರ್ಟ್ ಆಗುವುದಿಲ್ಲ. ಮೆಲಿಯಾಯ್ಡೋಸಿಸ್ ಉಡುಪಿಯಲ್ಲಿ ಅಪರೂಪವೂ ಅಲ್ಲ. ರೋಗ ಪತ್ತೆ ಮಾಡುವುದರಲ್ಲಿ ಎಲ್ಲಿ ತಪ್ಪಿತು, ಮುಂದಿನವರು ಎಂತ ನೋಡಬೇಕು ಎನ್ನುವುದು ಬೇಕು. ಕೇಸ್ ರಿಪೋರ್ಟಿಗೆ ಇರುವ ಕೇರ್ (CARE) ಚೆಕ್‌ಲಿಸ್ಟು ದಿನಾಂಕವಾರು ಟೈಮ್‌ಲೈನ್ ಕೇಳುತ್ತದೆ. ಪ್ರಕಟಣೆಗೆ ರೋಗಿಯ ಲಿಖಿತ ಒಪ್ಪಿಗೆಯೂ ಬೇಕು. ಅಡ್ಮಿಶನ್ ಹೊತ್ತಿಗೆ ಹಾಕಿಸಿದ ಸಹಿ ಇದಕ್ಕೆ ನಡೆಯುವುದಿಲ್ಲ. ಡಿಸ್ಚಾರ್ಜ್ ಆಗಿ ಬೈಂದೂರಿನ ಒಳಗಿನ ಊರಿಗೆ ಹೋದವರನ್ನು ಆರು ತಿಂಗಳ ನಂತರ ಹುಡುಕಿ ಸಹಿ ಹಾಕಿಸುವುದು ಸುಲಭವೇ? ರೋಗಿ ವಾರ್ಡಿನಲ್ಲಿರುವಾಗಲೇ ಫಾರ್ಮ್ ಕನ್ನಡದಲ್ಲಿ ಕೊಡಿ, ತುಳುವಿನಲ್ಲೋ ಬ್ಯಾರಿಯಲ್ಲೋ ವಿವರಿಸಿ, ಫೋಟೋ ಹಾಕುವುದಾದರೆ ಅದನ್ನೂ ತೋರಿಸಿ ಸಹಿ ತೆಗೆದುಕೊಳ್ಳಿ. ಟೈಪ್ ಮೊದಲೇ ಗೊತ್ತಿದ್ದರೆ ಮಾತ್ರ ಇದು ಆಗುವ ಕೆಲಸ.

ಇನ್ನು ರಿವ್ಯೂ, ಅಂದರೆ ಬೇರೆಯವರ ಪೇಪರುಗಳನ್ನು ಒಟ್ಟು ಸೇರಿಸಿ ಬರೆಯುವುದು. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರುಗಳನ್ನು ಹುಡುಕುವ ಜಾಲತಾಣ) ಸಿಕ್ಕಿದ ಮೂವತ್ತು ಪೇಪರ್ ಓದಿ ಬರೆದದ್ದು ಸಿಸ್ಟಮ್ಯಾಟಿಕ್ ರಿವ್ಯೂ ಅಲ್ಲವೇ ಅಲ್ಲ. ಅದಕ್ಕೆ ಒಂದಕ್ಕಿಂತ ಹೆಚ್ಚು ಡೇಟಾಬೇಸ್, ಇನ್ನೊಬ್ಬರು ಅದೇ ಹುಡುಕಾಟ ಮತ್ತೆ ಮಾಡಲು ಬರುವ ಹಾಗೆ ಪೂರ್ತಿ ಸರ್ಚ್ ಸ್ಟ್ರಿಂಗ್, ಸ್ವತಂತ್ರವಾಗಿ ಆರಿಸುವ ಇಬ್ಬರು, ಪ್ರಿಸ್ಮಾ 2020 ಚೆಕ್‌ಲಿಸ್ಟಿನ 27 ಅಂಶಗಳು ಮತ್ತು ಫ್ಲೋ ಚಾರ್ಟ್ ಬೇಕು. ಇಂಥ ರಿವ್ಯೂಗಳನ್ನು ದಾಖಲಿಸುವ ಪ್ರಾಸ್ಪೆರೋ ತಾಣದಲ್ಲಿ ನೋಂದಣಿ ಕೆಲಸ ಶುರುವಾಗುವ ಮೊದಲೇ ಆಗಬೇಕು. ನೀವು ಬರೆದದ್ದು ನ್ಯಾರೇಟಿವ್ ರಿವ್ಯೂ ಆದರೆ ಜರ್ನಲಿನ ಸೂಚನೆ ಓದಿ, ಹಲವು ಜರ್ನಲುಗಳು ತಾವೇ ಕೇಳಿದವರಿಂದ ಮಾತ್ರ ತೆಗೆದುಕೊಳ್ಳುತ್ತವೆ. ಎಡಿಟರಿಗೆ ಮೊದಲೇ ಒಂದು ಮೇಲ್ ಹಾಕಿ ಕೇಳಿದರೆ ಸಾಕು.

ಸ್ಯಾಂಪಲ್ ಸಿಗದೆ ಅರ್ಧಕ್ಕೆ ನಿಂತ ಥೀಸಿಸ್ಸನ್ನು "ಪೈಲಟ್ ಸ್ಟಡಿ" ಮಾಡುವುದು ಇನ್ನೊಂದು ಚಾಳಿ. ದೊಡ್ಡ ಅಧ್ಯಯನ ಮಾಡಲು ಸಾಧ್ಯವೇ ಎಂದು ನೋಡುವುದಕ್ಕೆ ಮೊದಲೇ ಯೋಜಿಸಿದ್ದು ಪೈಲಟ್. ಟ್ರಯಲ್ ಆದರೆ ಮೊದಲ ರೋಗಿ ಸೇರುವ ಮುಂಚೆ ಸಿಟಿಆರ್‌ಐ (ಭಾರತದ ಟ್ರಯಲ್ ನೋಂದಣಿ ತಾಣ) ನಂಬರ್ ಬೇಕು. ಆಮೇಲೆ ಮಾಡಿಸಿದರೆ ದಿನಾಂಕ ಅಲ್ಲೇ ಕಾಣುತ್ತದೆ, ಯಾವ ಟೈಪ್ ಒತ್ತಿದರೂ ಅದು ಮುಚ್ಚುವುದಿಲ್ಲ.

ಪದಮಿತಿಯೂ ಟೈಪಿನ ಜೊತೆಗೇ ಬರುತ್ತದೆ. ಅಮೆರಿಕದ ಜಾಮಾ (JAMA) ಜರ್ನಲಿನಲ್ಲಿ ಒರಿಜಿನಲ್ಲಿಗೆ 3000 ಪದ, ಟೇಬಲ್ ಮತ್ತು ಚಿತ್ರ ಸೇರಿ 5. ರಿಸರ್ಚ್ ಲೆಟರಿಗೆ 600 ಪದ, 6 ರೆಫರೆನ್ಸ್. ನ್ಯೂ ಇಂಗ್ಲೆಂಡ್ ಜರ್ನಲಿನಲ್ಲಿ ಅವರದ್ದೇ ಪೇಪರಿಗೆ ಪ್ರತಿಕ್ರಿಯೆ ಬರೆಯುವುದಾದರೆ 175 ಪದ, ಅದೂ ಪ್ರಕಟವಾದ 3 ವಾರದೊಳಗೆ. ಫಲಿತಾಂಶ ಒಂದೇ, ಟೇಬಲ್ ಒಂದೇ ಎಂದಾದರೆ ಲೆಟರಿಗೋ ಬ್ರೀಫ್ ರಿಪೋರ್ಟಿಗೋ ಹೋಗಿ, ಅದು ಕೀಳಲ್ಲ. ಎಳೆದು ಎಳೆದು 3000 ಪದ ಮಾಡಿದ ಪೇಪರಿನ ಡಿಸ್ಕಶನ್ ಓದುವಾಗ ರಿವ್ಯೂವರಿಗೆ ಕೂಡಲೇ ಗೊತ್ತಾಗುತ್ತದೆ.

"ಪೇಪರ್ ಒಳ್ಳೆದಿದ್ರೆ ಎಡಿಟರೇ ಟೈಪ್ ಬದಲಿಸ್ತಾರೆ" ಅಂತ ಕೆಲವರು ಹೇಳುತ್ತಾರೆ. ಕೆಲವು ಎಡಿಟರುಗಳು ಬದಲಿಸಲು ಹೇಳುವುದು ಹೌದು. ಆದರೆ ಆಗ ಅಬ್‌ಸ್ಟ್ರ್ಯಾಕ್ಟ್, ರೆಫರೆನ್ಸ್, ಟೇಬಲ್ ಎಲ್ಲ ಹೊಸದಾಗಿ ಮಾಡಿ ಸಾಲಿನ ಹಿಂದೆ ನಿಲ್ಲಬೇಕು. ಹೆಚ್ಚಿನ ಕಡೆ ಸೀದಾ ಡೆಸ್ಕ್ ರಿಜೆಕ್ಟ್, ರಿವ್ಯೂವರಿಗೇ ಹೋಗದೆ ವಾಪಸ್.

ಬಡ್ತಿಯ ಒತ್ತಡ ನನಗೂ ಗೊತ್ತು. 2022ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಅಧ್ಯಾಪಕರ ಅರ್ಹತಾ ನಿಯಮದಲ್ಲಿ ಲೆಕ್ಕಕ್ಕೆ ಬಂದದ್ದು ಒರಿಜಿನಲ್, ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಅಂಕಿ ಕೂಡಿಸಿ ಮಾಡುವ ಲೆಕ್ಕ), ಸಿಸ್ಟಮ್ಯಾಟಿಕ್ ರಿವ್ಯೂ, ಕೇಸ್ ಸೀರೀಸ್. ಒಂಟಿ ಕೇಸ್ ರಿಪೋರ್ಟಿಗೆ ಅಲ್ಲಿ ಜಾಗ ಇರಲಿಲ್ಲ. ಒಳ್ಳೆಯ ಕೇಸ್ ರಿಪೋರ್ಟ್ ಬರೆಯುವ ಮಕ್ಕಳ ಉತ್ಸಾಹವನ್ನೇ ಇಂಥ ನಿಯಮ ಕೊಂದಿತು ಎನ್ನುವ ಬೇಜಾರು ನನಗೆ ಈಗಲೂ ಉಂಟು. ಆದರೆ ಅದಕ್ಕೆ ಮದ್ದು ಹೆಸರು ಬದಲಿಸುವುದಲ್ಲ. ಪೇಪರಿನ ಒಳಗೆ ಇರುವುದು ಒಬ್ಬನೇ ರೋಗಿ ಎಂದಾದರೆ ಪಬ್‌ಮೆಡ್‌ನಲ್ಲಿ ಅದಕ್ಕೆ ಕೇಸ್ ರಿಪೋರ್ಟ್ ಎಂಬ ಗುರುತೇ ಬೀಳಬಹುದು.

ಹಾಗಾದರೆ ಮಾಡುವುದು ಹೇಗೆ? ಸಿನಾಪ್ಸಿಸ್ (ಥೀಸಿಸ್ಸಿನ ಯೋಜನೆ) ಬರೆಯುವಾಗಲೇ ಎರಡು ಜರ್ನಲ್ ಆರಿಸಿ. ಲೇಖಕರಿಗೆ ಕೊಟ್ಟ ಸೂಚನೆಯಲ್ಲಿ ನಿಮ್ಮ ಟೈಪಿನ ಪದಮಿತಿ, ಅಬ್‌ಸ್ಟ್ರ್ಯಾಕ್ಟಿನ ವಿಭಾಗಗಳು, ಲೇಖಕರ ಸಂಖ್ಯೆಗೆ ಮಿತಿ, ಶುಲ್ಕ ನೋಡಿ. ಕೇಸ್ ರಿಪೋರ್ಟಿಗೆ ಎಂಟು ಹೆಸರು ಸೇರಿಸಿ ಕೊನೆಗೆ ಜಗಳ ಆಗುವುದು ಇದನ್ನು ನೋಡದೆ ಇದ್ದದ್ದಕ್ಕೆ. ಅದೇ ಜರ್ನಲಿನಲ್ಲಿ ಇತ್ತೀಚೆಗೆ ಅದೇ ಟೈಪಿನಲ್ಲಿ ಬಂದ ಮೂರು ಪೇಪರ್ ಪ್ರಿಂಟ್ ತೆಗೆದು ಪಕ್ಕದಲ್ಲಿಡಿ. ಈಕ್ವೇಟರ್ ಜಾಲತಾಣದಿಂದ ನಿಮ್ಮ ಡಿಸೈನಿನ ಚೆಕ್‌ಲಿಸ್ಟ್ ಇಳಿಸಿ: ರೋಗಿಗಳನ್ನು ಗಮನಿಸಿದ ಅಧ್ಯಯನಕ್ಕೆ ಸ್ಟ್ರೋಬ್, ಟ್ರಯಲಿಗೆ ಕನ್ಸಾರ್ಟ್, ಟೆಸ್ಟಿನ ನಿಖರತೆಗೆ ಸ್ಟಾರ್ಡ್, ವಾರ್ಡಿನ ಸುಧಾರಣೆಯ ಕೆಲಸಕ್ಕೆ ಸ್ಕ್ವೈರ್. ಪ್ರತಿ ಅಂಶದ ಎದುರು ಪುಟಸಂಖ್ಯೆ ಬರೆಯಿರಿ. ಬರೆಯಲು ಪುಟವೇ ಸಿಗದ ಅಂಶಗಳು ಹೆಚ್ಚಾದರೆ ಟೈಪ್ ತಪ್ಪಿರಬಹುದು.

ಈ ಸಲ ಸಿನಾಪ್ಸಿಸ್ ಕೊಡುವವರು ಡೇಟಾ ಕಳಿಸುವುದು ಬೇಡ, ರೋಗಿಗಳ ವಿವರವಂತೂ ಬೇಡವೇ ಬೇಡ. ಪ್ರಶ್ನೆ ಒಂದು ಸಾಲು, ರೋಗಿಗಳನ್ನು ಸೇರಿಸುವ ಕ್ರಮ ಇನ್ನೊಂದು ಸಾಲು, ಇಷ್ಟೇ ಕಮೆಂಟಿನಲ್ಲಿ ಹಾಕಿ. ಯಾವ ಟೈಪ್ ಅಂತ ನಾನು ಹೇಳುತ್ತೇನೆ.